ಬೆಲ್ಜಿಯಂಗೆ ಒಂದು ದಿನ ಸಾಕಾ?

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಮೆಸೇಜು ಬರುತ್ತದೆ. "ಜೂನ್‌ನಲ್ಲಿ ಯುರೋಪ್ ಟೂರ್ ಬರ್ತಿದ್ದೀವಿ. ಪ್ಯಾರಿಸ್ ಮೂರು ದಿನ, ಆಮ್‌ಸ್ಟರ್‌ಡ್ಯಾಮ್ ಎರಡು ದಿನ. ನಡುವೆ ಬೆಲ್ಜಿಯಂ ಒಂದು ದಿನ ಇದೆ. ಏನು ನೋಡಬಹುದು?" ಕಳಿಸುವವರು ಬೇರೆ ಬೇರೆ. ಒಮ್ಮೆ ಕಾಕಾನ ಮಗ, ಒಮ್ಮೆ ಕಾಲೇಜಿನ ಗೆಳೆಯ, ಒಮ್ಮೆ ಗೆಳೆಯನ ಹೆಂಡತಿಯ ಅಣ್ಣ. ಆ "ಒಂದು ದಿನ" ಮಾತ್ರ ಬದಲಾಗುವುದಿಲ್ಲ.

ಟೂರ್ ಬಸ್ಸಿನವರಿಗೆ ಆ ಒಂದು ದಿನವೂ ಜಾಸ್ತಿ. ಬ್ರಸೆಲ್ಸ್‌ನಲ್ಲಿ ಎರಡು ಗಂಟೆ ಇಳಿಸುತ್ತಾರೆ. ಉಚ್ಚೆ ಹೊಯ್ಯುವ ಹುಡುಗನ ಮೂರ್ತಿಯ ಮುಂದೆ ಒಂದು ಸೆಲ್ಫಿ, ಒಂದು ಚಾಕೊಲೇಟ್ ಅಂಗಡಿ, ಹೋಗುವ ದಾರಿಯಲ್ಲಿ ಆಟೋಮಿಯಂ ಎಂಬ ಕಟ್ಟಡ. ಮುಗೀತು ಬೆಲ್ಜಿಯಂ.

ದೇಶ ಚಿಕ್ಕದು, ನಿಜ. 30,689 ಚದರ ಕಿ.ಮೀ. ಕರ್ನಾಟಕದೊಳಗೆ ಇಂಥವು ಆರು ಹಿಡಿಸುತ್ತವೆ. ಜನ ಒಂದು ಕೋಟಿ ಹದಿನೇಳು ಲಕ್ಷದ ಆಸುಪಾಸು. ಆದರೆ ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ನನಗೇ ಇದು ಮುಗಿದಿಲ್ಲ. ಮೆಸೇಜು ಕಳಿಸಿದವರಿಗೆ ಎರಡು ಸಾಲಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಒಮ್ಮೆ ಬರೆದು ಇಟ್ಟುಬಿಡೋಣ, ಮುಂದಿನ ಏಪ್ರಿಲ್‌ಗೆ ಲಿಂಕ್ ಕಳಿಸಿದರಾಯಿತು ಅಂದುಕೊಂಡೆ.

ನಾನಿರುವುದು ಲ್ಯೂವೆನ್‌ನಲ್ಲಿ. ಚಿಪ್ ಸಂಶೋಧನೆಯ ಐಮೆಕ್ ಇರುವ ಊರು. ಹಾಗಾಗಿ ಬೆಂಗಳೂರಿನ ಕಡೆಯ ಎಂಜಿನಿಯರುಗಳು ಇಲ್ಲಿಗೆ ಬರುತ್ತಲೇ ಇರುತ್ತಾರೆ. ಶನಿವಾರದ ಸಂತೆಯಲ್ಲಿ ಹಿಂದಿನಿಂದ ಕನ್ನಡ ಕೇಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ.

ಬಂದ ಮೊದಲ ತಿಂಗಳು ನಾನು ಕಲಿತ ಪಾಠ ರೈಲ್ವೆ ಸ್ಟೇಷನ್ನಿನಲ್ಲಿ. ಲಿಯೇಜ್ ಎಂಬ ಊರಿಗೆ ಹೋಗಬೇಕಿತ್ತು. ಟಿಕೆಟ್ ತೆಗೆದುಕೊಂಡೆ, ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಬೋರ್ಡಿನ ಮೇಲೆ ಲಿಯೇಜ್ ಬರಲೇ ಇಲ್ಲ. 'ಲಾಯ್ಕ್' ಅನ್ನೋ ಊರಿನ ರೈಲು ಬಂತು, ಹೋಯಿತು. ಇನ್ನೊಂದು ಗಂಟೆಗೆ ಮತ್ತೊಂದು ಲಾಯ್ಕ್ ಬಂತು. ಅದೂ ಹೋಯಿತು. ಕೊನೆಗೆ ಪಕ್ಕದಲ್ಲಿದ್ದ ಅಜ್ಜಿಯನ್ನು ಕೇಳಿದೆ. ಅವರು ನನ್ನ ಟಿಕೆಟ್ ನೋಡಿ, ಬೋರ್ಡು ನೋಡಿ, ನನ್ನ ಮುಖ ನೋಡಿ ನಕ್ಕರು. ಲಿಯೇಜೂ ಲಾಯ್ಕೂ ಒಂದೇ ಊರು. ಫ್ರೆಂಚಿನಲ್ಲಿ ಅದು, ಡಚ್ಚಿನಲ್ಲಿ ಇದು. ಲ್ಯೂವೆನ್ ಡಚ್ ಭಾಗದಲ್ಲಿದೆ. ಆದ್ದರಿಂದ ಬೋರ್ಡು ಡಚ್ಚಿನಲ್ಲಿ ಮಾತ್ರ.

ಆಮೇಲೆ ಗೊತ್ತಾಯಿತು, ಇಲ್ಲಿ ಬಹಳ ಊರುಗಳಿಗೆ ಎರಡೆರಡು ಹೆಸರು. ಆಂಟ್‌ವರ್ಪ್ ಎಂದರೆ ಆನ್ವೇರ್. ಮೆಖೆಲೆನ್ ಎಂದರೆ ಮಾಲೀನ್. ಮಾನ್ಸ್ ಎಂಬ ಊರು ಡಚ್ಚಿನಲ್ಲಿ ಬೆರ್ಖೆನ್. ಎರಡಕ್ಕೂ ಅರ್ಥ ಬೆಟ್ಟ! ಹೆಸರನ್ನೇ ಅನುವಾದ ಮಾಡಿಬಿಟ್ಟಿದ್ದಾರೆ. ಫ್ರಾನ್ಸಿನ ಲಿಲ್ ಕೂಡ ಹೆದ್ದಾರಿಯ ಡಚ್ ಬೋರ್ಡಿನಲ್ಲಿ ರೈಸೆಲ್ ಆಗುತ್ತದೆ. ಕಾರು ಬಾಡಿಗೆಗೆ ಹಿಡಿಯುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ನೀವು ಸರಿಯಾದ ದಾರಿಯಲ್ಲೇ ಇರುತ್ತೀರಿ, ಊರು ಮಾತ್ರ ಮಾಯವಾಗಿರುತ್ತದೆ.

ಎರಡು ವರ್ಷದ ಹಿಂದೆ ಅವ್ವ ಬಂದಳು. ಮೂರು ತಿಂಗಳಿದ್ದಳು. ಚಿಕ್ಕೋಡಿಯಿಂದ ಒಂದು ಸೂಟ್‌ಕೇಸ್ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು. ಒಂಬತ್ತು ವರ್ಷದಲ್ಲಿ ನಾನು ಸರಿಯಾಗಿ ಊರು ನೋಡಿದ್ದು ಆ ಮೂರು ತಿಂಗಳಲ್ಲೇ. ಅವಳನ್ನು ತಿರುಗಾಡಿಸುವ ನೆಪ, ಇನ್ನೇನು.

ಬ್ರಸೆಲ್ಸ್‌ನಿಂದ ಶುರು ಮಾಡಿದೆವು, ಎಲ್ಲರ ಹಾಗೆ. ಗ್ರಾಂಡ್ ಪ್ಲಾಸ್ ಎಂಬ ಚೌಕ ನೋಡಿ ಅವ್ವ ಒಂದು ನಿಮಿಷ ಮಾತಾಡಲಿಲ್ಲ. ಸುತ್ತ ನಾಲ್ಕೂ ಕಡೆ ಬಂಗಾರದ ಗೆರೆ ಎಳೆದ ಮನೆಗಳು. 1695ರಲ್ಲಿ ಫ್ರಾನ್ಸಿನ ಸೈನ್ಯ ಈ ಊರಿನ ಮೇಲೆ ತೋಪು ಹಾರಿಸಿ ಚೌಕವನ್ನು ಸುಟ್ಟು ಹಾಕಿತ್ತು. ಪುರಸಭೆಯ ಗೋಪುರ ಮಾತ್ರ ನಿಂತಿತ್ತು. ಬೇರೆ ಬೇರೆ ಕಸುಬಿನ ಸಂಘಗಳು ಸೇರಿ ಕೆಲವೇ ವರ್ಷಗಳಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿದವು. ಅಕ್ಕಪಕ್ಕದವರಿಗಿಂತ ನಮ್ಮದು ಚೆನ್ನಾಗಿರಬೇಕು ಅನ್ನೋ ಹಟ ಒಂದೊಂದು ಮನೆಯಲ್ಲೂ ಕಾಣುತ್ತದೆ.

ಅಲ್ಲಿಂದ ಐದು ನಿಮಿಷ ನಡೆದರೆ ಆ ಹುಡುಗ. ಮಾನೆಕೆನ್ ಪಿಸ್. ಮಂಡಿಯ ಎತ್ತರವನ್ನು ಸ್ವಲ್ಪ ದಾಟಿದ ಗೊಂಬೆ. 1619ರಲ್ಲಿ ಮಾಡಿದ ಅಸಲಿ ಮೂರ್ತಿ ಮ್ಯೂಸಿಯಂನಲ್ಲಿದೆ, ಬೀದಿಯಲ್ಲಿರುವುದು ನಕಲು. ಅವನಿಗೆ ಸಾವಿರಕ್ಕೂ ಹೆಚ್ಚು ಅಂಗಿಗಳಿವೆ. ಸುತ್ತ ನೂರು ಜನ ಫೋನ್ ಎತ್ತಿ ಹಿಡಿದಿದ್ದರು. ಅವ್ವ ಎರಡು ಸೆಕೆಂಡ್ ನೋಡಿ, "ಇದನ್ನ ನೋಡಾಕ ಇಷ್ಟ್ ಮಂದಿ ಬಂದಾರೇನು? ನಮ್ಮ ಗಲ್ಲಿಗೆ ಬರಂತ ಹೇಳು, ದಿನಾ ಹತ್ತ ನಿಂತಿರ್ತಾವ" ಅಂದಳು. ಬ್ರಸೆಲ್ಸ್ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ಹೇಳಲಿಕ್ಕಿಲ್ಲ. ಆಟೋಮಿಯಂ 1958ರ ವಿಶ್ವ ಮೇಳಕ್ಕೆ ಕಟ್ಟಿದ 102 ಮೀಟರಿನ, ಕಬ್ಬಿಣದ ಹರಳಿನ ಆಕಾರದ ಕಟ್ಟಡ, ಹೊರಗಿನಿಂದ ನೋಡಿದರೆ ಸಾಕು.

ಬ್ರೂಜ್‌ಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. ಆದರೆ ರಾತ್ರಿ ಅಲ್ಲೇ ಉಳಿಯಿರಿ. ಹಗಲು ಹನ್ನೊಂದರಿಂದ ಸಂಜೆ ಐದರ ತನಕ ಅದು ಊರಲ್ಲ, ಜಾತ್ರೆ. ಕಾಲುವೆಯ ದೋಣಿಗೆ ಸರತಿ ಸಾಲು, ದೋಸೆಯ ಅಂಗಡಿಗೆ ಸರತಿ ಸಾಲು. ದೋಸೆ ಅಂದರೆ ವಾಫಲ್, ಬೇರೆ ಹೆಸರು ಹೊಳೆಯಲಿಲ್ಲ. ಟೂರ್ ಬಸ್ಸುಗಳು ಹೋದ ಮೇಲೆ ನೀರು ನಿಲ್ಲುತ್ತದೆ. ಆಗ ನೋಡಬೇಕು.

ಒಂದು ಕಾಲದಲ್ಲಿ ಇದು ಇಡೀ ಉತ್ತರ ಯುರೋಪಿನ ವ್ಯಾಪಾರದ ಊರು. ಇಲ್ಲಿ ವಾನ್ ಡೆರ್ ಬ್ಯೂರ್ಸ ಎಂಬ ಮನೆತನದ ಛತ್ರವಿತ್ತು. ವ್ಯಾಪಾರಿಗಳು ಅದರ ಮುಂದೆ ಸೇರಿ ಹುಂಡಿ ವ್ಯವಹಾರ ಮಾಡುತ್ತಿದ್ದರು. ಷೇರು ಮಾರುಕಟ್ಟೆಗೆ ಯುರೋಪಿನ ಎಷ್ಟೋ ಭಾಷೆಗಳಲ್ಲಿ 'ಬೋರ್ಸ್' ಅನ್ನುವುದು ಆ ಮನೆಯ ಹೆಸರಿನಿಂದಲೇ ಬಂತು ಅನ್ನುತ್ತಾರೆ. ಆಮೇಲೆ ಸಮುದ್ರಕ್ಕೆ ಹೋಗುವ ಜ್ವಿನ್ ಎಂಬ ಹಿನ್ನೀರು ಹೂಳು ತುಂಬಿಕೊಂಡಿತು. ಹಡಗು ಬರುವುದು ನಿಂತಿತು. ವ್ಯಾಪಾರ ಆಂಟ್‌ವರ್ಪ್‌ಗೆ ಹೋಯಿತು. ಊರು ಬಡವಾಯಿತು. ಹಳೆ ಮನೆ ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ. ಅದಕ್ಕೇ ಎಲ್ಲ ಹಾಗೇ ಉಳಿಯಿತು. ಇವತ್ತು ನಾವು ದುಡ್ಡು ಕೊಟ್ಟು ನೋಡುವುದು ಆ ಬಡತನವನ್ನೇ.

ಗಂಟೆ ಗೋಪುರಕ್ಕೆ 366 ಮೆಟ್ಟಿಲು. ಅವ್ವನಿಗೆ ಮಂಡಿ ನೋವು, ಹತ್ತಲಿಲ್ಲ. ಹಂಸಗಳ ಹತ್ತಿರ ಕೂತಳು. ಆ ಹಂಸಗಳಿಗೂ ಒಂದು ಕತೆ ಇದೆ. 1488ರಲ್ಲಿ ಬ್ರೂಜ್ ಜನ ದಂಗೆ ಎದ್ದು ತಮ್ಮನ್ನಾಳುತ್ತಿದ್ದ ಮ್ಯಾಕ್ಸಿಮಿಲಿಯನ್‌ನನ್ನು ಸೆರೆಯಲ್ಲಿಟ್ಟರು. ಅವನ ಅಧಿಕಾರಿ ಪೀಟರ್ ಲಾಂಖಾಲ್ಸ್‌ನ ತಲೆ ಕಡಿದರು. ಲಾಂಖಾಲ್ಸ್ ಅಂದರೆ ಉದ್ದ ಕತ್ತು. ಬಿಡುಗಡೆಯಾದ ಮೇಲೆ ಮ್ಯಾಕ್ಸಿಮಿಲಿಯನ್, "ಈ ಊರು ಉದ್ದ ಕತ್ತಿನವರನ್ನು ಎಂದೆಂದಿಗೂ ಸಾಕಬೇಕು" ಎಂದು ಶಿಕ್ಷೆ ಕೊಟ್ಟನಂತೆ. ಅವತ್ತಿನಿಂದ ಹಂಸ ಸಾಕುತ್ತಿದ್ದಾರೆ. ಕತೆಯೇ ಇರಬಹುದು. ಅವ್ವ ಮಾತ್ರ ಪೂರ್ತಿ ನಂಬಿದಳು. ಶಾಪ ಅಂದರೆ ಹಾಗಿರಬೇಕು ಅಂದಳು.

ಈಗ ಗೆಂಟ್. ನನ್ನನ್ನು ಕೇಳಿದರೆ, ಒಂದೇ ದಿನ ಇದ್ದರೆ ಬ್ರಸೆಲ್ಸ್ ಬಿಟ್ಟು ಇಲ್ಲಿಗೆ ಬನ್ನಿ. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಬ್ರೂಜ್‌ನಷ್ಟೇ ಹಳೆಯದು. ಆದರೆ ಇಲ್ಲಿ ಜನ ಬದುಕುತ್ತಾರೆ. ವಿದ್ಯಾರ್ಥಿಗಳು ಹೊಳೆಯ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ, ಹಿಂದೆ ಎಂಟುನೂರು ವರ್ಷದ ಕೋಟೆ. ಗ್ರಾಸ್‌ಲೈ ದಂಡೆಯ ಸಾಲು ಮನೆಗಳನ್ನು ನೋಡಿ ಕೃಷ್ಣಾ ನದಿಯ ಪ್ರವಾಹ ಕಂಡ ಅವ್ವ ಕೇಳಿದಳು, "ಹೊಳಿ ದಂಡಿಗೆ ಹಿಂಗ ಮನಿ ಕಟ್ಟಿದ್ರ ಮಳಿಗಾಲದಾಗ ಉಳಿತಾವೇನು?"

ಗೆಂಟಿನವರಿಗೆ ಒಂದು ಅಡ್ಡಹೆಸರಿದೆ: ನೇಣುಹಗ್ಗ ತೊಟ್ಟವರು. ಐದನೇ ಚಾರ್ಲ್ಸ್ ಚಕ್ರವರ್ತಿ ಹುಟ್ಟಿದ್ದು ಇದೇ ಊರಲ್ಲಿ, 1500ರಲ್ಲಿ. ಅವನ ಯುದ್ಧಗಳಿಗೆ ತೆರಿಗೆ ಕೇಳಿದಾಗ ಊರಿನವರು ಆಗಲ್ಲ ಅಂದುಬಿಟ್ಟರು. 1540ರಲ್ಲಿ ಸೈನ್ಯ ಕಟ್ಟಿಕೊಂಡು ತಾನೇ ಬಂದ. ಊರಿನ ಪ್ರಮುಖರನ್ನು ಬರಿಗಾಲಲ್ಲಿ, ಬರೀ ಅಂಗಿಯಲ್ಲಿ, ಕೆಲವರ ಕೊರಳಿಗೆ ನೇಣುಹಗ್ಗ ಹಾಕಿಸಿ ತನ್ನ ಮುಂದೆ ನಡೆಸಿದ. ಹುಟ್ಟಿದೂರಿಗೇ ಈ ಅವಮಾನ. ಗೆಂಟಿನವರು ಅದನ್ನು ಮರೆಯಲಿಲ್ಲ. ಮರೆಯುವುದಿರಲಿ, ಈಗಲೂ ಜುಲೈ ತಿಂಗಳ ಹಬ್ಬದಲ್ಲಿ ಬಿಳಿ ಅಂಗಿ ತೊಟ್ಟು, ಕೊರಳಿಗೆ ಹಗ್ಗ ಹಾಕಿಕೊಂಡು ಮೆರವಣಿಗೆ ಹೋಗುತ್ತಾರೆ. ಜಂಬದಿಂದ!

ಸಂತ ಬಾವೋ ಚರ್ಚಿನಲ್ಲಿ ವಾನ್ ಐಕ್ ಸಹೋದರರು ಬರೆದ ದೊಡ್ಡ ಚಿತ್ರವಿದೆ, 1432ರದ್ದು. ಹಲವು ಹಲಗೆಗಳ ಮೇಲೆ ಬರೆದು ಜೋಡಿಸಿದ್ದು. ನಡುವೆ ಒಂದು ಕುರಿಮರಿ. ಈ ಚಿತ್ರದಷ್ಟು ಕಳ್ಳತನ ಕಂಡ ಚಿತ್ರ ಇನ್ನೊಂದಿರಲಾರದು. ನೆಪೋಲಿಯನ್ ಕಾಲದಲ್ಲಿ ಅದರ ಭಾಗಗಳು ಪ್ಯಾರಿಸ್ ಸೇರಿದ್ದವು. ಹಿಟ್ಲರನ ಕಡೆಯವರು ಆಸ್ಟ್ರಿಯಾದ ಉಪ್ಪಿನ ಗಣಿಯಲ್ಲಿ ಬಚ್ಚಿಟ್ಟಿದ್ದರು. ಬ್ರೂಜ್‌ನಲ್ಲಿರುವ ಮೈಕೆಲೆಂಜೆಲೋ ಕೆತ್ತಿದ ಮೇರಿ ಮಾತೆಯ ಮೂರ್ತಿಯೂ ಅದೇ ಗಣಿಯಲ್ಲಿ ಸಿಕ್ಕಿತು. ಆದರೆ ಮಜಾ ಇರುವುದು 1934ರ ಕಳ್ಳತನದಲ್ಲಿ. ಏಪ್ರಿಲ್‌ನ ಒಂದು ರಾತ್ರಿ ಎರಡು ಹಲಗೆ ಮಾಯ. ಹತ್ತು ಲಕ್ಷ ಫ್ರಾಂಕ್ ಕೊಡಿ ಎಂದು ಪತ್ರ ಬಂತು. ನಂಬಿಕೆ ಬರಲಿ ಎಂದು ಒಂದು ಹಲಗೆಯನ್ನು ಕಳ್ಳನೇ ವಾಪಸ್ ಮಾಡಿದ. ಅದೇ ವರ್ಷ ಷೇರು ದಲ್ಲಾಳಿಯೊಬ್ಬ ಸಾಯುವ ಹೊತ್ತಿಗೆ, ಉಳಿದ ಹಲಗೆ ಎಲ್ಲಿದೆ ಎಂದು ನನಗೊಬ್ಬನಿಗೇ ಗೊತ್ತು ಎಂದು ಹೇಳಿ ಕಣ್ಣು ಮುಚ್ಚಿದ. ಎಲ್ಲಿ ಅಂತ ಹೇಳಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಆ ಜಾಗದಲ್ಲಿ ನಕಲು ಹಲಗೆ ಕೂರಿಸಿದ್ದಾರೆ. ನಾನು ಎರಡು ಸಲ ಹೋದಾಗಲೂ ಜನ ಕುರಿಮರಿಗಿಂತ ಜಾಸ್ತಿ ಹೊತ್ತು ಆ ನಕಲನ್ನೇ ನೋಡುತ್ತಿದ್ದರು.

ನಮ್ಮಂಥ ಸಸ್ಯಾಹಾರಿಗಳಿಗೆ ಗೆಂಟ್ ತವರುಮನೆ. 2009ರಿಂದ ಇಲ್ಲಿ ಗುರುವಾರ ಎಂದರೆ ಸಸ್ಯಾಹಾರದ ದಿನ, ಪುರಸಭೆಯ ಬೆಂಬಲದಿಂದ ಶುರುವಾದದ್ದು. ಯಾರಿಗೂ ಬಲವಂತವಿಲ್ಲ. ಆದರೆ ಹೋಟೆಲುಗಳು ಕಲಿತಿವೆ. "ಮಾಂಸ ಬೇಡ" ಅಂದರೆ ಸಲಾಡ್ ಎಲೆ ತಂದಿಡುವ ಕಾಟ ಇಲ್ಲಿಲ್ಲ.

ಈ ಮಾತು ಬಂದಾಗ ಒಂದು ತಪ್ಪೊಪ್ಪಿಗೆ. ಬೆಲ್ಜಿಯಂಗೆ ಬಂದ ಮೊದಲ ಆರು ತಿಂಗಳು ನಾನು ಬದುಕಿದ್ದೇ ಆಲೂಗಡ್ಡೆ ಫ್ರೈಸ್ ಮೇಲೆ. ಪ್ರತಿ ಚೌಕದಲ್ಲೂ ಒಂದು ಫ್ರೈಸ್ ಗಾಡಿ ಇರುತ್ತದೆ. ಆಲೂಗಡ್ಡೆ ತಾನೇ, ಅದರಲ್ಲೇನು ಅಂದುಕೊಂಡಿದ್ದೆ. ಇಲ್ಲಿಯ ಪದ್ಧತಿ ಎರಡು ಸಲ ಕರಿಯುವುದು, ಅದೂ ದನದ ಕೊಬ್ಬಿನಲ್ಲಿ. ಗೊತ್ತಾದ ದಿನ ರಾತ್ರಿ ಊಟ ಸೇರಲಿಲ್ಲ. ಈಗ ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಕೇಳಿ ತಿನ್ನಿ. ಟೂರ್ ಗೈಡುಗಳು ಇದನ್ನು ಹೇಳುವುದನ್ನು ನಾನಂತೂ ಕೇಳಿಲ್ಲ. ಅವ್ವನಿಗೂ ನಾನು ಇನ್ನೂ ಹೇಳಿಲ್ಲ. ಅವಳು ಇದನ್ನು ಓದದಿದ್ದರೆ ಸಾಕು.

ಗೆಂಟಿನಲ್ಲಿ ಅವ್ವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಬೀದಿ ದೀಪ. ಕೋಟೆಯ ಮುಂದಿನ ಚೌಕದಲ್ಲಿ, ಹಿಂದಿನ ಕಾಲದಲ್ಲಿ ತಲೆ ತೆಗೆಯುತ್ತಿದ್ದ ಜಾಗ ಅದು, ದೀಪದ ಕಂಬಗಳಿಗೆ ಊರಿನ ಹೆರಿಗೆ ಆಸ್ಪತ್ರೆಗಳಿಂದ ತಂತಿ ಎಳೆದಿದ್ದಾರೆ. ಮಗು ಹುಟ್ಟಿದಾಗ ತಾಯಿ ತಂದೆ ಒಂದು ಗುಂಡಿ ಒತ್ತಿದರೆ ಚೌಕದ ದೀಪಗಳು ಮಿನುಗುತ್ತವೆ. ಇದನ್ನು ಹೇಳಿದ್ದೇ ತಪ್ಪಾಯಿತು. "ಒಂದ ಕೂಸು ಹುಟ್ಟೂತನಕ ಕುಂದ್ರೋಣು" ಅಂದಳು. ಸಂಜೆಯ ಚಳಿಯಲ್ಲಿ ಒಂದೂವರೆ ಗಂಟೆ ಕೂತೆವು. ನಾನು ಫೋನ್ ನೋಡುತ್ತಿದ್ದೆ. ಅವ್ವ ತಟ್ಟನೆ ನನ್ನ ತೊಡೆಗೆ ಹೊಡೆದಳು. ತಲೆ ಎತ್ತುವಷ್ಟರಲ್ಲಿ ದೀಪ ಮಾಮೂಲಾಗಿತ್ತು. ಅವಳು ನೋಡಿದ್ದಳು. ಕೈ ಮುಗಿದು, "ಚಂದಾಗಿರಲಿ" ಅಂದಳು. ರೈಲಿನಲ್ಲಿ ಲ್ಯೂವೆನ್ ತಲುಪುವ ತನಕ ಗಂಡೋ ಹೆಣ್ಣೋ ಎಂಬ ಚರ್ಚೆ.

ಆಂಟ್‌ವರ್ಪ್‌ನಲ್ಲಿ ಸ್ಟೇಷನ್ನೇ ನೋಡುವ ಜಾಗ. 1905ರದ್ದು. ಮೇಲೆ ಅರಮನೆಯಂಥ ಗುಮ್ಮಟ, ಕೆಳಗೆ ಒಂದರ ಮೇಲೊಂದು ಅಂತಸ್ತುಗಳಲ್ಲಿ ರೈಲು. ಹೊರಗೆ ಬಂದರೆ ವಜ್ರದ ಬೀದಿಗಳು. ಪ್ಯಾಂಟಿನ ಜೇಬಲ್ಲಿ ಕೋಟಿಗಟ್ಟಲೆ ಮಾಲು ಇಟ್ಟುಕೊಂಡು ಜನ ಸಾದಾ ಅಂಗಿಯಲ್ಲಿ ಓಡಾಡುತ್ತಿರುತ್ತಾರೆ. ಹಿಂದೆ ಈ ವ್ಯಾಪಾರ ಯಹೂದಿಗಳ ಕೈಲಿತ್ತು. 1960ರ ದಶಕದಿಂದ ಗುಜರಾತಿನ ಪಾಲನಪುರದ ಕಡೆಯ ಜೈನರು ಬಂದರು, ಈಗ ದೊಡ್ಡ ಪಾಲು ಅವರದೇ. ಊರಿನ ಅಂಚಿನ ವಿಲ್‌ರೈಕ್‌ನಲ್ಲಿ ಬಿಳಿ ಅಮೃತಶಿಲೆಯ ಜಿನಾಲಯ ಕಟ್ಟಿದ್ದಾರೆ. ನಮ್ಮ ಕಡೆ ಊರೂರಿಗೆ ಜೈನರಿದ್ದಾರೆ, ಹೊಲ ಮಾಡುವ ಜೈನರು. ಹಾಗಾಗಿ ಅವ್ವನಿಗೆ ಅದು ಪರದೇಶ ಅನ್ನಿಸಲೇ ಇಲ್ಲ. "ನಮ್ಮೂರ ಬಸ್ತಿಗಿಂತ ದೊಡ್ಡದೈತಿ" ಅಂದಳು, ಅಷ್ಟೆ.

ಇದೇ ಊರಲ್ಲಿ ಸ್ಕೆಲ್ಟ್ ನದಿಯ ಕೆಳಗೆ ನಡೆದು ಹೋಗುವ ಸುರಂಗವಿದೆ. 1933ರದ್ದು, 572 ಮೀಟರ್ ಉದ್ದ. ಇಳಿಯಲು ಮರದ ಎಸ್ಕಲೇಟರ್, ಆ ಕಾಲದ್ದೇ, ಕರಕರ ಸದ್ದು ಮಾಡುತ್ತ ಇನ್ನೂ ಓಡುತ್ತಿದೆ. ಟಿಕೆಟ್ ಇಲ್ಲ. ಪ್ರವಾಸಿಗರು ಕಡಿಮೆ. ಆಚೆ ದಡದಿಂದ ಊರಿನ ನೋಟ ಪುಕ್ಕಟೆ.

ಮೆಖೆಲೆನ್‌ಗೆ ಅರ್ಧ ದಿನ ಸಾಕು. 1835ರಲ್ಲಿ ಯುರೋಪ್ ಖಂಡದ ಮೊದಲ ಪ್ರಯಾಣಿಕರ ಉಗಿ ರೈಲುಗಳಲ್ಲೊಂದು ಬ್ರಸೆಲ್ಸ್‌ನಿಂದ ಈ ಊರಿಗೇ ಓಡಿದ್ದು, ಮುಂಬೈ-ಠಾಣೆ ರೈಲಿಗಿಂತ ಹದಿನೆಂಟು ವರ್ಷ ಮೊದಲು. ಇಲ್ಲಿಯವರಿಗೆ ಇರುವ ಅಡ್ಡಹೆಸರು 'ಚಂದ್ರನನ್ನು ಆರಿಸಿದವರು'. 1687ರ ಒಂದು ಚಳಿಗಾಲದ ರಾತ್ರಿ ಕುಡಿದವನೊಬ್ಬ ಚರ್ಚಿನ ಗೋಪುರಕ್ಕೆ ಬೆಂಕಿ ಬಿದ್ದಿದೆ ಎಂದು ಕೂಗಿದ. ಊರೆಲ್ಲ ಬಕೆಟ್ ಹಿಡಿದು ಗೋಪುರದ ಮೆಟ್ಟಿಲು ಹತ್ತಿತು. ನೋಡಿದರೆ ಮಂಜಿನಲ್ಲಿ ಕೆಂಪಗೆ ಕಾಣುತ್ತಿದ್ದ ಬೆಳದಿಂಗಳು. ಪಕ್ಕದೂರಿನವರು ಮೂರು ಶತಮಾನದಿಂದ ನಗುತ್ತಿದ್ದಾರೆ.

ಈಪರ್‌ಗೆ ಹೋಗಿದ್ದು ಒಂದು ಸಂಜೆ. ಮೊದಲ ಮಹಾಯುದ್ಧದಲ್ಲಿ ಪುಡಿಯಾದ ಊರು, ಈಗ ಕಾಣುವುದೆಲ್ಲ ಆಮೇಲೆ ಮತ್ತೆ ಕಟ್ಟಿದ್ದು. ಮೆನಿನ್ ಗೇಟ್ ಎಂಬ ಕಮಾನಿನ ಗೋಡೆಗಳ ಮೇಲೆ ಐವತ್ತನಾಲ್ಕು ಸಾವಿರಕ್ಕೂ ಹೆಚ್ಚು ಹೆಸರು. ಸಮಾಧಿ ಕೂಡ ಸಿಗದವರು. ಅವರಲ್ಲಿ ನೂರಾರು ಭಾರತೀಯರು. 1914ರ ಅಕ್ಟೋಬರ್‌ನಲ್ಲಿ ನಮ್ಮ ಸೈನಿಕರನ್ನು ಇಲ್ಲಿಯ ಕೆಸರಿನ ಕಂದಕಗಳಿಗೆ ತಂದು ಇಳಿಸಿದ್ದರು. 1928ರಿಂದ ಪ್ರತಿ ದಿನ ರಾತ್ರಿ ಎಂಟಕ್ಕೆ ಇಲ್ಲಿ ಬ್ಯೂಗಲ್ ಊದುತ್ತಾರೆ. ಎರಡನೇ ಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಿದ್ದ ವರ್ಷಗಳನ್ನು ಬಿಟ್ಟರೆ ನಿಂತಿಲ್ಲ. ನನ್ನ ಸೋದರಮಾವ ಮಿಲಿಟರಿಯಲ್ಲಿದ್ದವರು. ಬ್ಯೂಗಲ್ ಶುರುವಾದ ಕೂಡಲೇ ಅವ್ವ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಂತಳು. ಬರುವಾಗ ಏನೂ ಮಾತಾಡಲಿಲ್ಲ.

ಕೊನೆಗೆ ನಮ್ಮೂರು, ಲ್ಯೂವೆನ್. ಟೂರಿನ ಪಟ್ಟಿಯಲ್ಲಿ ಇದು ಇರುವುದಿಲ್ಲ. ಪುರಸಭೆಯ ಕಟ್ಟಡದ ಮೈ ತುಂಬ 236 ಮೂರ್ತಿಗಳು, ಒಂದಿಂಚು ಜಾಗ ಬಿಟ್ಟಿಲ್ಲ. ಗ್ರಂಥಾಲಯದ ಮುಂದೆ 23 ಮೀಟರಿನ ಸೂಜಿಗೆ ಚುಚ್ಚಿ ನಿಲ್ಲಿಸಿದ ಹಸಿರು ಜೀರುಂಡೆ. ಯಾಕೆ ಅಂತ ಅವ್ವ ಕೇಳಿದಳು, ಕಲೆ ಅಂದೆ. ಸುಮ್ಮನಾದಳು.

ಆ ಗ್ರಂಥಾಲಯದ ಕತೆ ಮಾತ್ರ ನಾನು ಬಂದವರಿಗೆಲ್ಲ ಹೇಳುತ್ತೇನೆ. ವಿಶ್ವವಿದ್ಯಾಲಯ 1425ರದ್ದು. 1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನಿಕರು ಹಳೆಯ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. ಸುಮಾರು ಮೂರು ಲಕ್ಷ ಪುಸ್ತಕ ಬೂದಿ. ಯುದ್ಧದ ನಂತರ ಅಮೆರಿಕದ ಶಾಲೆ ಕಾಲೇಜುಗಳು ದುಡ್ಡು ಕೂಡಿಸಿ ಈ ಹೊಸ ಕಟ್ಟಡ ಕಟ್ಟಿಸಿಕೊಟ್ಟವು. ಅವರ ಹೆಸರುಗಳು ಕಲ್ಲುಗಳ ಮೇಲಿವೆ. 1940ರಲ್ಲಿ ಅದೂ ಸುಟ್ಟಿತು. ಈ ಸಲ ಸುಮಾರು ಒಂಬತ್ತು ಲಕ್ಷ ಪುಸ್ತಕ. ಮತ್ತೆ ಕಟ್ಟಿದರು, ಮತ್ತೆ ಪುಸ್ತಕ ಕೂಡಿಸಿದರು.

ಮೂರನೇ ಸಲ ಬೆಂಕಿ ಬೀಳಲಿಲ್ಲ, ಪಾಲಾಯಿತು. 1962ರಲ್ಲಿ ಬೆಲ್ಜಿಯಂನಲ್ಲಿ ಭಾಷಾ ಗಡಿ ಎಳೆದರು. ಉತ್ತರಕ್ಕೆ ಡಚ್, ದಕ್ಷಿಣಕ್ಕೆ ಫ್ರೆಂಚ್, ಬ್ರಸೆಲ್ಸ್‌ಗೆ ಎರಡೂ, ಪೂರ್ವದ ಅಂಚಿಗೆ ಒಂಚೂರು ಜರ್ಮನ್. ಜನಗಣತಿಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳುವುದನ್ನೇ ಅದಕ್ಕೂ ಮೊದಲು ನಿಲ್ಲಿಸಿದ್ದರು, ಕೇಳಿದಷ್ಟೂ ಜಗಳ ಎಂದು. ಲ್ಯೂವೆನ್ ಡಚ್ ಕಡೆ ಬಿತ್ತು. ಆದರೆ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ವಿಭಾಗವೂ ಇತ್ತು. "ವಾಲೋನರೇ, ಹೊರಗೆ ನಡೆಯಿರಿ" ಎಂದು ಬೀದಿಗಳಲ್ಲಿ ಘೋಷಣೆ. ವಾಲೋನರು ಅಂದರೆ ಫ್ರೆಂಚ್ ಆಡುವ ದಕ್ಷಿಣದವರು. 1968ರಲ್ಲಿ ಈ ಜಗಳಕ್ಕೆ ದೇಶದ ಸರ್ಕಾರವೇ ಬಿತ್ತು. ಐನೂರು ವರ್ಷ ದಾಟಿದ್ದ ವಿಶ್ವವಿದ್ಯಾಲಯ ಎರಡಾಯಿತು. ಫ್ರೆಂಚ್ ಭಾಗಕ್ಕೆ ಗಡಿಯ ಆಚೆ, ಹೊಲಗಳ ನಡುವೆ ಒಂದು ಹೊಸ ಊರನ್ನೇ ಕಟ್ಟಿದರು. ಹೆಸರು ಲುವಾಂ-ಲಾ-ನವ್. ಹೊಸ ಲ್ಯೂವೆನ್ ಅಂತ ಅರ್ಥ. ಆ 'ನವ್' ನಮ್ಮ 'ನವ'ದ ದೂರದ ನೆಂಟ.

ಪುಸ್ತಕ ಪಾಲು ಮಾಡುವುದು ಹೇಗೆ? ಕಪಾಟಿನ ನಂಬರು ನೋಡಿದರು. ಬೆಸ ಸಂಖ್ಯೆಯವು ಇಲ್ಲೇ, ಸಮ ಸಂಖ್ಯೆಯವು ಅಲ್ಲಿಗೆ. ಒಂದೇ ವಿಷಯದ ಪುಸ್ತಕಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ. ಎರಡು ಯುದ್ಧದ ಬೆಂಕಿ ದಾಟಿ ಕೂಡಿಸಿದ್ದು.

ಇದನ್ನು ಕೇಳಿ ಬೇರೆಯವರು ನಗುತ್ತಾರೆ. ಅವ್ವ ನಗಲಿಲ್ಲ. ಅವಳಿಗೆ ಬೋರ್ಡಿನ ಜಗಳ ಗೊತ್ತು. ಕರ್ನಾಟಕ-ಮಹಾರಾಷ್ಟ್ರ ಗಡಿಯ ಬಗ್ಗೆ ಮಹಾಜನ ವರದಿ ಬಂದ 1967ರಲ್ಲಿ ಅವಳು ಶಾಲೆಗೆ ಹೋಗುವ ಹುಡುಗಿ. ಬಸ್ಸಿನ ಬೋರ್ಡಿಗೆ ಮಸಿ ಬಳಿಯುವುದು, ಅಂಗಡಿ ಮುಚ್ಚಿಸುವುದು, ಎರಡು ದಿನ ಬಸ್ ನಿಲ್ಲುವುದು, ನಾವೂ ಅದನ್ನೆಲ್ಲ ನೋಡುತ್ತಲೇ ಬೆಳೆದವರು. ಬ್ರಸೆಲ್ಸ್ ಸುತ್ತಲಿನ ಆರು ಸಣ್ಣ ಊರುಗಳಲ್ಲಿ ಬೋರ್ಡು ಎರಡೂ ಭಾಷೆಯಲ್ಲಿರುತ್ತದೆ. ಅಲ್ಲೊಂದು ಕಡೆ ಫ್ರೆಂಚ್ ಹೆಸರಿನ ಮೇಲೆ ಕಪ್ಪು ಬಣ್ಣ ಹೊಡೆದಿದ್ದರು. ಕಾರಿನ ಕಿಟಕಿಯಿಂದ ನೋಡಿದ ಅವ್ವ, "ಇಲ್ಲೂ ಡಾಂಬರ್ ಬಡೀತಾರೇನು!" ಅಂದಳು. ಇಡೀ ಪ್ರವಾಸದಲ್ಲಿ ಅವಳಿಗೆ ಈ ದೇಶ ತನ್ನದು ಅನ್ನಿಸಿದ್ದು ಆ ಕ್ಷಣ ಅಂತ ಕಾಣುತ್ತದೆ.

"ಇನ್ನರ್ಧ ಪುಸ್ತಕ ಎಲ್ಲದಾವ? ಅದನ್ನೂ ನೋಡ್ಕೊಂಡ ಬರೂಣು" ಅಂದಳು. ಹೊರಡುವ ವಾರ ಹೋದೆವು. ಲ್ಯೂವೆನ್‌ನಿಂದ ಒಟ್ಟಿನಿ ತನಕ ಒಂದು ಪುಟ್ಟ ರೈಲು, ಅಲ್ಲಿ ಬದಲಾಯಿಸಬೇಕು. ಹಳ್ಳಿಹಳ್ಳಿಗೆ ನಿಲ್ಲುವ ಗಾಡಿ. ಸಿಂಟ್ ಯೋರಿಸ್ ವೇರ್ಟ್ ಎಂಬುದು ಡಚ್ ಕಡೆಯ ಕೊನೆ ಸ್ಟೇಷನ್. ಮುಂದಿನದು ಪೆಕ್ರೊ, ಫ್ರೆಂಚ್.

ಪೆಕ್ರೊ ಹೆಸರು ಇಲ್ಲಿ ಯಾರೂ ಮರೆಯುವುದಿಲ್ಲ. 2001ರ ಮಾರ್ಚ್ 27ರಂದು ಆ ಕಡೆಯಿಂದ ಒಂದು ಖಾಲಿ ರೈಲು ಸಿಗ್ನಲ್ ದಾಟಿ ತಪ್ಪು ಹಳಿಯಲ್ಲಿ ಹೊರಟಿತು. ಆ ಕಡೆಯ ಸಿಗ್ನಲ್‌ನವನು ಲ್ಯೂವೆನ್‌ಗೆ ಫೋನ್ ಮಾಡಿದ. ಅವನಿಗೆ ಡಚ್ ಬರುತ್ತಿರಲಿಲ್ಲ, ಇವನಿಗೆ ಫ್ರೆಂಚ್ ತಿಳಿಯಲಿಲ್ಲ. ಎದುರಿನಿಂದ ಪ್ರಯಾಣಿಕರ ಗಾಡಿ ಬರುತ್ತಿತ್ತು. ಪೆಕ್ರೊದಲ್ಲಿ ಎರಡೂ ಮುಖಾಮುಖಿಯಾದವು. ಎಂಟು ಜನ ಸತ್ತರು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾನು ಕಿಟಕಿಯ ಹೊರಗೆ ಗಡಿ ಹುಡುಕುತ್ತೇನೆ. ಕಲ್ಲಿಲ್ಲ, ಬೇಲಿ ಇಲ್ಲ. ಕಾಡು, ಕೆರೆ, ಮತ್ತೆ ಕಾಡು.

ಅವ್ವನಿಗೆ ಆ ಅಪಘಾತದ ಕತೆ ಹೇಳಿರಲಿಲ್ಲ. ಅವಳು ಹೊರಗೆ ನೋಡುತ್ತಲೂ ಇರಲಿಲ್ಲ. ಮಡಿಲಲ್ಲಿ ಡಬ್ಬಿ ಬಿಚ್ಚಿಕೊಂಡು ರೊಟ್ಟಿ ಮುರಿಯುತ್ತಿದ್ದಳು. ಸಿಂಟ್ ಯೋರಿಸ್ ವೇರ್ಟ್ ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಸ್ಪೀಕರಿನಲ್ಲಿ ಗಂಡಸಿನ ದನಿ ಏನೋ ಅಂದಿತು. ಅವ್ವನ ಕೈ ನಿಂತಿತು. ಮದುವೆಯಾದಾಗಿನಿಂದ ನಿಪ್ಪಾಣಿ ಮೇಲೆ ಮಹಾರಾಷ್ಟ್ರದ ಗಡಿ ದಾಟಿ ತವರಿಗೆ ಬಸ್ಸಿನಲ್ಲಿ ಹೋಗಿ ಬಂದು ಮಾಡಿದವಳು ಅವಳು.

"ಮಾತ ಬದಲಾತು ನೋಡು," ಅಂದಳು. "ಕಾಗಲ್ ಬಂತೇನು?"